ಚಹಾದಂಗಡಿಯ ಮುಂದೆ ಬಿದ್ದವಳು

ದಾನಮ್ಮ ಆ ವಾರ ಐದನೆಯ ಸಲ ಬಿದ್ದಳು. ಅದೂ ಓಡುವ ಸೈಕಲ್ಲಿನಿಂದಲ್ಲ, ನಿಂತ ಸೈಕಲ್ಲಿನಿಂದ. ಅದೂ ಚಹಾದಂಗಡಿಯ ಮುಂದೆಯೇ. ಅಲ್ಲಿ ರಸ್ತೆ ಕೂಡುತ್ತದೆ, ನಿಲ್ಲದೆ ವಿಧಿಯಿಲ್ಲ.

ಬೆಂಚಿನ ಮೇಲೆ ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ನಗು ಹಾಳಾಗಲಿ.

ಎಲ್ಲಾ ಆ ಹೊಸ ಪೆಡಲಿನ ಕಾಟ. ಬೂಟಿನ ಅಡಿಗೊಂದು ಕೊಂಡಿ. ಒತ್ತಿದರೆ ಪೆಡಲಿಗೆ ಕಟಕ್ಕನೆ ಕೂತುಬಿಡುತ್ತದೆ. ನಿಲ್ಲುವ ಮೊದಲೇ ಹಿಮ್ಮಡಿಯನ್ನು ಹೊರಕ್ಕೆ ತಿರುವಿ ಕಾಲು ಬಿಡಿಸಿಕೊಳ್ಳಬೇಕು. ಮರೆತರೆ ಸೈಕಲ್ ಸಮೇತ ನೆಲ ಕಾಣುವುದೇ. ರವಿವಾರ ಜಿಲ್ಲಾ ತಂಡದ ಆಯ್ಕೆ. ಇನ್ನು ಮೂರೇ ದಿನ.

ಅಂಗಾಲಿನ ಸಿಟ್ಟು ನೆತ್ತಿಗೇರಿತು. ಸೈಕಲ್ ನೂಕಿಕೊಂಡು ಹೊಳೆದಂಡೆಗೆ ಬಂದಳು. ಕಟ್ಟೆಯ ಮೇಲೆ ಲಾಲಸಾಬ ಮಾಸ್ತರರು ಒಂದು ಚೈನಿಗೆ ಎಣ್ಣೆ ಹಾಕುತ್ತಿದ್ದರು. ಊರಿನ ಹುಡುಗಿಯರಿಗೆಲ್ಲ ಸೈಕಲ್ ರೇಸು ಕಲಿಸಿದವರು ಅವರೇ.

ಬೂಟು ಕಳಚಿ ಅವರ ಮುಂದೆ ಒಗೆದಳು. "ತಗೋರಿ ನೀವು ಕೊಟ್ಟ ಬೂಟು. ನಾಳಿಂದ ನಾ ಬರೂದಿಲ್ಲ."

"ಯಾಕವಾ?"

"ಪೆಡಲ್ ಸರಿ ಇಲ್ರಿ."

"ಕುಣೀಲಾರದಾಕಿ ನೆಲಾ ಡೊಂಕು ಅಂದಿದ್ಲಂತ," ಎಂದರು ಮಾಸ್ತರರು, ತಲೆ ಎತ್ತದೆ. "ಇಲ್ಲಿ ಹೊಳಿದಂಡಿ ಮ್ಯಾಲ ಎಷ್ಟು ಸಲ ಬಿದ್ದಿ?"

"ಇಲ್ಲಿ ಬಿದ್ದಿಲ್ಲ."

"ಇಲ್ಲೂ ಅದೇ ಪೆಡಲ್ ಅಲ್ಲೇನು?"

ಮಾತು ಖರೆ. ಅದಕ್ಕೇ ದಾನಮ್ಮನ ಮೈ ಇನ್ನಷ್ಟು ಉರಿಯಿತು. ಬಾಯಿಗೆ ಬಂದದ್ದು ಆಡಿಬಿಟ್ಟಳು. "ಕಟ್ಟಿ ಮ್ಯಾಲ ಕುಂತು ಹೇಳೂದು ಸಸಾರ ಐತ್ರಿ. ನೀವು ಜನ್ಮದಾಗ ಈ ಬೂಟು ಹಾಕ್ಕೊಂಡೀರೇನು?"

"ಇಲ್ಲ. ನಮ್ಮ ಕಾಲಕ್ಕ ಪೆಡಲಿಗೆ ಕಾಲು ಕಟ್ಟಲಿಕ್ಕೆ ತೊಗಲಿನ ಪಟ್ಟಿ ಇತ್ತು."

ಮಾಸ್ತರರು ಎದ್ದರು. ಅರವತ್ತೆಂಟು ವರ್ಷದ ಕಾಲನ್ನು ಅವಳ ಬೂಟಿಗೆ ತುರುಕಿದರು. ಅವಳದೇ ಸೈಕಲ್ ಹತ್ತಿ ನೆಟ್ಟಗೆ ಚಹಾದಂಗಡಿಯ ಕಡೆ ಹೊರಟರು.

ದಾನಮ್ಮ ಬರಿಗಾಲಲ್ಲೇ ಹಿಂದೆ ಓಡಿದಳು. ಬಿದ್ದು ಹಲ್ಲು ಮುರಿದುಕೊಳ್ಳಲಿ ಎಂದುಕೊಂಡಳು, ಸುಳ್ಳೇಕೆ ಹೇಳಬೇಕು.

ಅಂಗಡಿಯ ಮುಂದೆ ಮಾಸ್ತರರು ಬ್ರೇಕ್ ಹಿಡಿದರು. ಸೈಕಲ್ ನಿಂತಿತು. ಕಾಲು ಬರಲಿಲ್ಲ. ಕಡಿದ ಬಾಳೆಗಿಡದ ಹಾಗೆ ಮಗ್ಗುಲಿಗೆ ಉರುಳಿದರು.

ಬೆಂಚಿನವರು ಬಿದ್ದು ಬಿದ್ದು ನಕ್ಕರು. "ಮುದುಕಗ ಅರಳುಮರಳು," ಎಂದನೊಬ್ಬ.

ದಾನಮ್ಮ ಕೆಂಡವಾದಳು. "ನಾಚಿಕಿ ಆಗೂದಿಲ್ಲೇನು ನಿಮಗ? ಈ ವಯಸ್ಸಿನಾಗ ಒಬ್ಬರು ಕಲೀಲಿಕ್ಕೆ ಹತ್ಯಾರ, ನೀವು ಕುಂತಲ್ಲೇ ಹಲ್ಲು ಕಿಸೀತೀರಿ. ಬರ್ರಿ, ನಾಕು ಮಾರು ಸೈಕಲ್ ಹೊಡದು ತೋರಸ್ರಿ ನೋಡೂಣು."

ಯಾರೂ ಏಳಲಿಲ್ಲ. ನಗುವೂ ಪೂರ್ತಿ ನಿಲ್ಲಲಿಲ್ಲ. ಅವಳು ಇನ್ನೊಂದು ಬೈಗುಳಕ್ಕೆ ಬಾಯಿ ತೆರೆದಳು.

ಕೆಳಗಿನಿಂದ ಮಾಸ್ತರರು ಅವಳ ಕೈ ಜಗ್ಗಿದರು. ಮೊಣಕೈ ತರಚಿ ರಕ್ತ ಬಂದಿತ್ತು. ಕಾಲು ಇನ್ನೂ ಪೆಡಲಿನಲ್ಲೇ ಇತ್ತು.

"ನಗವರು ನಗಲಿ ಬಿಡವಾ," ಎಂದರು. "ಹಿಮ್ಮಡ ಯಾ ಕಡೆ ತಿರುವಬೇಕು, ಮೊದಲ ಅಷ್ಟು ಹೇಳು."