ಬಂದೋರೆಲ್ಲಾ ಹೋದ್ರು

ತಾಲ್ಲೂಕು ಆಸ್ಪತ್ರೆಯಲ್ಲಿ ರೋಗಿಗಳು ಎಷ್ಟರ ಮಟ್ಟಿಗೆ ಗುಣವಾಗುತ್ತಾರೆಂದು ಅಧ್ಯಯನ ಮಾಡಲು ಒಂದು ತಂಡ ಬಂತು. ದೊಡ್ಡ ಡಾಕ್ಟರು ಆಯಾ ನೀಲವ್ವನನ್ನು ಮೊದಲೇ ಗದರಿಸಿದ್ದರು.

"ಔಷಧಿ ಇಲ್ಲ ಅಂತ ಬಾಯಿ ಬಿಟ್ಟೋರ ನೌಕರಿ ಹೋಗತೈತಿ! ಬಂದೋರೆಲ್ಲಾ ಆರಾಮಾಗಿ ಮನೀಗೆ ಹೋದ್ರು ಅನ್ನು, ಸಾಕು."

ತಂಡದ ಮೇಡಂ ಕೇಳಿದರು, "ಇಲ್ಲಿ ಸೇರಿದ ರೋಗಿಗಳು ಏನಾದ್ರಮ್ಮ?"

ನೀಲವ್ವ ಸುಳ್ಳಿನ ಭಾಗವನ್ನಷ್ಟೇ ನುಂಗಿಕೊಂಡಳು. ಸೆರಗನ್ನು ಕಣ್ಣಿಗೊತ್ತಿ, "ಬಂದೋರೆಲ್ಲಾ ಹೋದ್ರುರೀ" ಎಂದಳು.

ಮೇಡಂ ಬರೆಯುವುದನ್ನು ನಿಲ್ಲಿಸಿದರು. "ಅಯ್ಯೋ, ಎಲ್ಲರೂ?"

"ಯಾರೂ ಸತ್ತಿಲ್ಲ ಮೇಡಂ!" ಪಕ್ಕದಲ್ಲೇ ನಿಂತಿದ್ದ ಡಾಕ್ಟರು ಚೀರಿದರು. "ಇಲ್ಲಿ ಔಷಧಿ ಇಲ್ಲ ಅಂತ ಬೇರೆ ಆಸ್ಪತ್ರೆಗೆ ಹೋದರು!"

ಅಂದವರೇ ನಾಲಿಗೆ ಕಚ್ಚಿಕೊಂಡರು.

ನೀಲವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ನಾ ಬಾಯಿ ಬಿಟ್ಟಿಲ್ಲರೀ ಸಾಹೇಬ್ರ. ಬಾಯಿ ಬಿಟ್ಟೋರ ನೌಕರಿ ಹೋಗತೈತಿ ಅಂದಿದ್ರಿ, ನೆನಪೈತೇನ್ರೀ?"