ಬಲಿಯಲೆಂದು ಕಾದ ಸಿಹಿಜೋಳ

“ಗುರುಗಳೇ, ಅಕ್ಕನನ್ನು ನೋಡಲು ಈಗಲೇ ಹೋಗಲೋ, ಕಲಿಕೆ ಪೂರ್ಣವಾದ ಮೇಲೆ ಹೋಗಲೋ?” ಎಂದು ಶಿಷ್ಯ ಚನ್ನವೀರ ಕೇಳಿದ.

ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಅವಳಿಗೆ ಹೇಳದೆ ಬಂದು ಮಠ ಸೇರಿ ಹನ್ನೊಂದು ವರ್ಷವಾಗಿತ್ತು. ಒಮ್ಮೆ ಮುಖ ತೋರಿಸಿ ಹೋಗು ಎಂದು ಅವಳು ಮೂರು ಸಲ ಹೇಳಿ ಕಳುಹಿಸಿದ್ದಳು. ಬರಿಗೈಯಲ್ಲಿ ಹೋಗಲು ಅವನಿಗೆ ನಾಚಿಕೆ. ಏನಾದರೂ ಆಗಿಯೇ ಅವಳ ಮುಂದೆ ನಿಲ್ಲಬೇಕೆಂಬ ಹಟ.

ಗುರುಗಳು ಹೇಳತೊಡಗಿದರು.

ಒಬ್ಬ ರೈತನಿದ್ದ. ತಲೆತಲಾಂತರದಿಂದ ಜೋಳ ಬೆಳೆದ ಮನೆತನ. ಒಂದು ವರ್ಷ ವ್ಯಾಪಾರಿಯಿಂದ ಸಿಹಿಜೋಳದ ಬೀಜ ತಂದು ಬಿತ್ತಿದ. ಬೆಳೆ ಸೊಗಸಾಗಿ ಬಂತು. ಕಾಳಿನಲ್ಲಿ ಹಾಲು ತುಂಬಿತು. ಅವನ ಮುದಿ ತಾಯಿಯ ಬಾಯಲ್ಲಿ ಎರಡೇ ಹಲ್ಲು. “ಬಹಳ ಸಿಹಿಯಂತೆ, ಒಂದು ಎಳೆ ತೆನೆ ಬೇಯಿಸಿ ಕೊಡಪ್ಪ” ಎಂದಳು.

“ಎಳೆಯದನ್ನು ಕಿತ್ತರೆ ಏನು ಬಂತು? ಬಲಿಯಲಿ ತಾಳಮ್ಮ, ಮೂಟೆಯನ್ನೇ ತಂದು ನಿನ್ನ ಮುಂದಿಡುತ್ತೇನೆ” ಎಂದ ರೈತ. ಪ್ರೀತಿಯಿಂದಲೇ ಹೇಳಿದ. ಕೆಟ್ಟ ಮಗನೇನಲ್ಲ, ಜೋಳವೊಂದನ್ನೇ ಬಲ್ಲವನು, ಅಷ್ಟೇ.

ತೆನೆ ಒಣಗಿತು. ಕೊಯ್ದ, ಬಡಿದ, ತೂರಿದ, ಹೇಳಿದಂತೆ ಮೂಟೆ ತಂದಿಟ್ಟ. ಕಾಳು ಸುಕ್ಕುಗಟ್ಟಿ ಕಲ್ಲಾಗಿತ್ತು. ತಾಯಿ ಒಂದನ್ನು ಬಾಯಿಗೆ ಹಾಕಿ ಈ ದವಡೆಯಿಂದ ಆ ದವಡೆಗೆ ಹೊರಳಿಸಿದಳು. ಮಗ ನೊಂದಾನೆಂದು ಉಗುಳಲಿಲ್ಲ. ಅದನ್ನು ಕಂಡ ರೈತ ಹಿಡಿ ಕಾಳು ತೆಗೆದುಕೊಂಡು ಪೇಟೆಗೆ ನಡೆದ.

ವ್ಯಾಪಾರಿಯ ಮೇಲೆ ಹರಿಹಾಯ್ದ. “ಸಿಹಿಜೋಳವೆಂದು ಕೊಟ್ಟೆಯಲ್ಲ, ಸಿಹಿ ಎಲ್ಲಿ?”

“ಹೆಸರಿನಲ್ಲಿ ಜೋಳವಿದೆ ಎಂದು ಜೋಳಕ್ಕೆ ಕಾದ ಹಾಗೆ ಕಾದಿರಾ? ಇದು ಬೆಂಡೆ, ಬದನೆಯ ಹಾಗೆ ತರಕಾರಿ, ಯಜಮಾನರೇ. ಎಳೆಯದರಲ್ಲೇ ಕಿತ್ತು ಉಣ್ಣಬೇಕು. ಕಾಳಿನಲ್ಲಿ ಹಾಲಿರುವ ನಾಲ್ಕು ದಿನ ನೋಡಿಯೇ ಸಿಹಿ ಎಂದು ಹೆಸರಿಟ್ಟಿದ್ದು” ಎಂದ ವ್ಯಾಪಾರಿ.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಚನ್ನವೀರನಿಗೆ ಒಳಗೊಳಗೇ ಅಳುಕು. ಆದರೂ ಪಟ್ಟು ಬಿಡಲಿಲ್ಲ.

“ಮರುವರ್ಷ ಮತ್ತೆ ಬಿತ್ತಬಹುದಲ್ಲ, ಗುರುಗಳೇ?”

“ಬಿತ್ತಬಹುದು” ಎಂದರು ಗುರುಗಳು. “ನಿನ್ನ ಅಕ್ಕನ ಬಾಯಲ್ಲಿ ಈಗ ಎಷ್ಟು ಹಲ್ಲಿವೆ, ಬಲ್ಲೆಯಾ?”