ಯಾಡಿ ಗುಡ್ಡದ ನೀರು

ಯಾಡಿ ಗುಡ್ಡ ನೋಡಲು ಬಂದವರು ಮೊದಲು ನಿರಾಶರಾಗುತ್ತಾರೆ. ಘಟ್ಟದ ನೆತ್ತಿಯ ಮೇಲೆ ಗಾಳಿಗೆ ಬೋಳಾದ ದಿಬ್ಬ, ಅದರ ಮೇಲೊಂದು ಚಪ್ಪಟೆ ಬಂಡೆ, ಬಂಡೆಯ ನಡುವೆ ಬೊಗಸೆಯಷ್ಟು ಕುಳಿ, ಇಷ್ಟೇ. ಆದರೆ ಇಲ್ಲಿಗೆ ಬಂದವರ ಕಾಲು ಒಂದು ಕಡೆ ನಿಲ್ಲುವುದಿಲ್ಲ, ನನ್ನದೂ ನಿಂತಿಲ್ಲ. ಪಶ್ಚಿಮಕ್ಕೆ ನೆಲ ಗೋಡೆಯಂತೆ ಕುಸಿದು, ಕೆಳಗೆ ಕರಾವಳಿಯ ಕಿರಿದಾದ ಪಟ್ಟಿ, ಅದರಾಚೆ ಕಡಲು. ಪೂರ್ವಕ್ಕೆ ಈ ದೊಡ್ಡ ದೇಶದ ಪ್ರಸ್ಥಭೂಮಿ ಮೆಲ್ಲಗೆ ವಾಲಿಕೊಂಡು, ಎರೆಭೂಮಿ ದಾಟಿ, ಮುರುಕು ಬೆಟ್ಟಗಳ ಸಂದಿಯಲ್ಲಿ ನುಸುಳಿ ಇನ್ನೊಂದು ಕಡಲಿಗೆ ಇಳಿಯುತ್ತದೆ. ಕುಳಿಯಲ್ಲಿ ತುಂಬಿದ ಮಳೆನೀರು ಎರಡು ಪಾಲಾಗಿ ಎರಡೂ ಕಡಲಿಗೆ ಹೊರಡುತ್ತದೆ. ಒಂದು ಪಾಲಿಗೆ ಬಲು ಆತುರ, ಇನ್ನೊಂದು ಊರೂರು ಅಲೆದು ಎಂದೋ ಸೇರುತ್ತದೆ.

ಹಿಂದೆ ಒಮ್ಮೆ ಲಂಬಾಣಿಗಳ ತಾಂಡಾವೊಂದು ಕರಾವಳಿಯ ಉಪ್ಪನ್ನು ಎತ್ತುಗಳ ಮೇಲೆ ಹೇರಿಕೊಂಡು ಈ ಘಟ್ಟ ಹತ್ತಿತು ಎನ್ನುತ್ತಾರೆ. ಘಟ್ಟದ ಮೇಲೆಯೇ ಉಪ್ಪು ಕೊಟ್ಟು ಜೋಳ ಪಡೆದು ಮತ್ತೆ ಕಡಲ ಕಡೆಗೆ ಇಳಿಯುವುದು ಅವರ ರೂಢಿ. ತಾಂಡಾದ ಹಿರಿಯಳು ಗೋಮಲಿ. ಅವಳಿಗೆ ಠಾವರು, ಖೀರು ಎಂಬ ಇಬ್ಬರು ಗಂಡುಮಕ್ಕಳು. ಆ ವರ್ಷ ಖೀರು ಹಟ ಹಿಡಿದ. ಪೂರ್ವದಲ್ಲೂ ಒಂದು ಕಡಲಿದೆಯಂತೆ, ಅಲ್ಲಿಯವರೆಗೂ ಹೋಗಿಯೇ ಬಿಡೋಣ ಎಂದ. ಠಾವರು ಒಪ್ಪಲಿಲ್ಲ. ಮಕ್ಕಳು ಬೇರೆಯಾದರೆ ಎಂಬ ಭಯ ಗೋಮಲಿಯ ಎದೆಯನ್ನು ಹೊಕ್ಕಿತು.

ದಾರಿಯ ವಿಷಯಕ್ಕೆ ಜಗಳ ಬಂದರೆ ಹಿರಿಯಳು ಕೊಡದಿಂದ ನೀರು ಸುರಿಯಬೇಕು, ಅದು ಹರಿದ ಕಡೆಗೆ ಎಲ್ಲರೂ ನಡೆಯಬೇಕು; ಇದು ಅವರ ಕಟ್ಟಳೆ. ಗೋಮಲಿ ಬಂಡೆಯ ಮೇಲೆ ನಿಂತು, "ಇಲ್ಲೇ ಸುರೀತೀನಿ" ಎಂದಳು. ಬೆಳಗಿನಿಂದ ಹತ್ತಿದ್ದೇ ಹತ್ತಿದ್ದು, ನೀರು ತಾವು ಬಂದ ಪಶ್ಚಿಮದ ದಾರಿಗೇ ಇಳಿಯುತ್ತದೆ ಎಂಬುದು ಅವಳ ನಂಬಿಕೆ. ಏರಿನಲ್ಲಿ ಹೇರು ಎತ್ತಿನ ಬಾಲದ ಕಡೆ ಜಾರುತ್ತದೆ, ನೆತ್ತಿಯಲ್ಲಿ ಸಮನಾಗಿ ಕೂರುತ್ತದೆ. ಎತ್ತಿನ ಬೆನ್ನು ನೋಡಿಯೇ ನೆಲದ ವಾಲು ಹೇಳುತ್ತಿದ್ದ ಹೆಂಗಸು ಅಂದು ಮಕ್ಕಳ ಮುಖ ನೋಡುತ್ತಿದ್ದಳು, ಎತ್ತುಗಳ ಕಡೆ ತಿರುಗಲಿಲ್ಲ; ಹೇರು ಆಗಲೇ ಸಮನಾಗಿ ಕೂತಿದ್ದು ಅವಳಿಗೆ ಕಾಣಲಿಲ್ಲ.

ನೀರು ಎರಡಾಗಿ ಸೀಳಿಕೊಂಡಿತು. ಗೋಮಲಿ ಕೊಡ ಬಿಸುಟು ಪೂರ್ವದ ಧಾರೆಗೆ ಅಂಗೈ ಅಡ್ಡ ಹಿಡಿದಳು. ಅದು ಅವಳ ಬೆರಳುಗಳ ಮೇಲೆ ಹತ್ತಿ ಹರಿಯಿತು.

"ಯಾಡಿ, ಕೈ ತಗಿ," ಎಂದ ಖೀರು. ಅವರ ಮಾತಿನಲ್ಲಿ ಯಾಡಿ ಎಂದರೆ ತಾಯಿ. "ನೀರು ಅಣ್ಣಗೂ ದಾರಿ ಕೊಟ್ಟೈತಿ, ನನಗೂ ಕೊಟ್ಟೈತಿ."

ಅರ್ಧ ತಾಂಡಾ ಅತ್ತ, ಅರ್ಧ ಇತ್ತ ಇಳಿಯಿತು. ಮಕ್ಕಳಿಬ್ಬರೂ ತಂತಮ್ಮ ದಾರಿಯ ತಿರುವಿನಲ್ಲಿ ನಿಂತು "ಯಾಡೀ" ಎಂದು ಕರೆದರು. ಅವಳು ಯಾವ ಕಡೆಗೂ ಇಳಿಯಲಾರದೆ ದಿಬ್ಬದ ಮೇಲೆಯೇ ಉಳಿದು, ಈ ಅಂಚಿನಿಂದ ಆ ಅಂಚಿಗೆ ನಡೆಯತೊಡಗಿದಳು. ಯಾವ ಕಡೆಯಿಂದ ಹೇರೆತ್ತುಗಳು ಬಂದರೂ ಚಿಟಿಕೆ ಉಪ್ಪು ಬೇಡಿ ನಾಲಿಗೆಗೆ ಇಡುತ್ತಿದ್ದಳಂತೆ, ಇದು ಯಾವ ಮಗನ ಕಡಲಿನದೆಂದು ತಿಳಿಯಲು. ಎರಡರ ರುಚಿಯೂ ಒಂದೇ. ಸಾಯುವವರೆಗೂ ಅವಳಿಗೆ ತಿಳಿಯಲಿಲ್ಲ.

ದಿಬ್ಬದ ಮೇಲೆ ಈಗಲೂ ಹುಲ್ಲು ಹುಟ್ಟದ ಕಾಲುದಾರಿಯೊಂದಿದೆ. ಒಂದು ಅಂಚಿನಲ್ಲಿ ಶುರುವಾಗಿ ಇನ್ನೊಂದು ಅಂಚಿನಲ್ಲಿ ಮುಗಿಯುತ್ತದೆ, ಯಾವ ಊರಿಗೂ ಹೋಗುವುದಿಲ್ಲ. ಮಕ್ಕಳನ್ನು ದೂರ ಕಳಿಸಿದವರು ಕುಳಿಯಲ್ಲಿ ಚಿಟಿಕೆ ಉಪ್ಪಿಟ್ಟು ಹೋಗುತ್ತಾರೆ. ಅವಳಿಗೆ ಯಾರ ಮೇಲೆ ಹೆಚ್ಚು ಪ್ರೀತಿಯಿತ್ತು ಎಂದು ಕೆಲವರು ಜಾಣತನದಿಂದ ಕೇಳುವುದುಂಟು. ಮಳೆ ಬಿದ್ದಾಗ ಬಂದು ನೋಡಿ ಎನ್ನುತ್ತೇನೆ. ಉಪ್ಪು ಕರಗಿ ಎರಡೂ ಕಡೆ ಹೋಗಿರುತ್ತದೆ, ಕುಳಿಯಲ್ಲಿ ಏನೂ ಉಳಿದಿರುವುದಿಲ್ಲ.